ಡೀಸೆಲ್ ಲೆಕ್ಕ ಇದೆ, ಮರಿಮೀನಿನ ಲೆಕ್ಕ ಎಲ್ಲಿ? ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಮತ್ತು ಬಂದರು ಸಚಿವರೇ, ಇಲಾಖೆಯ ಅಧಿಕಾರಿಗಳೇ, ಕರಾವಳಿಯ ಮೂರೂ ಜಿಲ್ಲೆಯ ಶಾಸಕರೇ,

ನಮಸ್ಕಾರ. ಬಜೆಟ್ ದಿನ ನಮ್ಮ ಕಡೆ ಟಿವಿ ಮುಂದೆ ಕೂತವರು ಕಾಯೋದು ಒಂದೇ ಸಾಲಿಗೆ, ಡೀಸೆಲ್ ಕೋಟಾ ಎಷ್ಟಾಯ್ತು ಅಂತ. 2023ರ ಜುಲೈ ಬಜೆಟ್‌ನಲ್ಲಿ ಕರರಹಿತ ಡೀಸೆಲ್ ಮಿತಿಯನ್ನ 1.5 ಲಕ್ಷ ಕಿಲೋಲೀಟರಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿದ್ರಲ್ಲ, ಅವತ್ತು ದಕ್ಕೆಯಲ್ಲಿ, ಅಂದ್ರೆ ಬೋಟು ಬಂದು ಮೀನು ಇಳಿಸೋ ಕಟ್ಟೆಯಲ್ಲಿ, ಪಟಾಕಿ ಹೊಡೆಯೋದೊಂದು ಬಾಕಿ ಇತ್ತು. ಸುಳ್ಳು ಯಾಕೆ ಹೇಳ್ಲಿ, ನಮ್ಮ ಮನೆಯಲ್ಲೂ ಖುಷಿಯಾಯ್ತು, ನಮ್ಮ ಕುಟುಂಬಕ್ಕೂ ಒಂದು ಟ್ರಾಲ್ ಬೋಟಲ್ಲಿ, ಅಂದ್ರೆ ಹಿಂದೆ ಬಲೆ ಎಳ್ಕೊಂಡು ಹೋಗುವ ಬೋಟಲ್ಲಿ, ಪಾಲಿದೆ, ಅದರ ಲೆಕ್ಕ ಬರೆಯೋದು ನಾನೇ. ಹಾಗಾಗಿ ಈ ಪತ್ರವನ್ನ ಬೆಂಗಳೂರಲ್ಲಿ ಏಸಿ ರೂಮಲ್ಲಿ ಕೂತು ಸಮುದ್ರ ಉಳಿಸಿ ಅನ್ನೋರು ಬರೆದದ್ದು ಅಂತ ಪಕ್ಕಕ್ಕೆ ಇಡ್ಬೇಡಿ. ಮೀನು ಹಿಡಿದೇ ಉಣ್ಣುವ ಮನೆಯವನು ಬರೀತಿರೋದು.

ನಾನು ಹೇಳ್ಬೇಕಾದ್ದು ಇಷ್ಟೇ. ಸರ್ಕಾರ ಸಬ್ಸಿಡಿ ಕೊಡೋದು ಸುಟ್ಟ ಡೀಸೆಲ್‌ಗೆ. ಎಂತ ಹಿಡಿದ್ರಿ, ಎಷ್ಟುದ್ದದ ಮೀನು ಹಿಡಿದ್ರಿ, ಯಾವ ಬಲೆಯಲ್ಲಿ ಹಿಡಿದ್ರಿ ಅಂತ ಕೇಳೋರಿಲ್ಲ. ಜಾಸ್ತಿ ಡೀಸೆಲ್ ಸುಟ್ಟವನಿಗೆ ಜಾಸ್ತಿ ಲಾಭ, ಕಮ್ಮಿ ಸುಟ್ಟು ಒಳ್ಳೆ ಮೀನು ತಂದವನಿಗೆ ಎಂತದೂ ಇಲ್ಲ. ಹೀಗಿರುವಾಗ "ಸುಸ್ಥಿರ ಮೀನುಗಾರಿಕೆ" ಅಂತ ಎಷ್ಟು ಸೆಮಿನಾರ್ ಮಾಡಿದ್ರೂ ದಕ್ಕೆಯಲ್ಲಿ ಏನೂ ಬದಲಾಗಲ್ಲ. ಇದನ್ನ ಸರಿ ಮಾಡ್ಲಿಕ್ಕೆ ಸಮುದ್ರದ ಮಧ್ಯ ಹೋಗಿ ಬೋಟು ಅಟ್ಟಿಸ್ಕೊಂಡು ಹೋಗ್ಬೇಕಾಗಿಲ್ಲ. ಎಲ್ಲಾ ಮೀನೂ ಕೊನೆಗೆ ಬರೋದು ಎರಡೇ ಜಾಗಕ್ಕೆ, ಒಂದು ದಕ್ಕೆ, ಇನ್ನೊಂದು ಮೀನನ್ನ ಒಣಗಿಸಿ ಹುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿ ಗೇಟು. ಅಲ್ಲಿ ಕೂತು ನೋಡಿ, ನೋಡಿದ್ದನ್ನ ಡೀಸೆಲ್‌ಗೆ ಜೋಡಿಸಿ.

ತಾವು ದಕ್ಕೆಗೆ ಬಂದಾಗ ಹೂವಿನ ಹಾರ, ಶಾಲು, ಫೋಟೋಕ್ಕೆ ಎತ್ತಿ ಹಿಡಿದ ದೊಡ್ಡ ಅಂಜಲ್, ಇಷ್ಟು ಕಾಣಿಸ್ತದೆ. ಒಂದ್ಸಲ ಹೇಳದೆ ಕೇಳದೆ ಬೆಳಗ್ಗಿನ ಜಾವ ಬನ್ನಿ. ಆಳಸಮುದ್ರ ಬೋಟು ಹತ್ತು ಹನ್ನೆರಡು ದಿನ ಕಳೆದು ಬಂದಿರ್ತದೆ. ಮೊದ್ಲು ಐಸ್ ಒಳಗಿಂದ ಮೇಲೆ ಬರೋದು ಬೊಂಡಾಸ್, ಮದಿಮಾಲ್, ಪಾಂಬೋಲ್, ಅದೃಷ್ಟ ಇದ್ರೆ ಅಂಜಲ್, ಮಾಂಜಿ. ಅದೆಲ್ಲ ಬುಟ್ಟಿಗೆ ಹೋಗ್ತದೆ, ಏಲಂ ಕೂಗ್ತಾರೆ, ಎಕ್ಸ್‌ಪೋರ್ಟ್ ಕಂಪನಿಯವರು ಎತ್ಕೊಂಡು ಹೋಗ್ತಾರೆ. ಆಮೇಲೆ ಬರೋದನ್ನ ನಿಂತು ನೋಡಿ. ಐಸೂ ಸರಿಯಾಗಿ ಹಾಕದ, ಹೊಟ್ಟೆ ಒಡೆದ, ಬೂದು ಬಣ್ಣಕ್ಕೆ ತಿರುಗಿದ ರಾಶಿ. ಅದನ್ನ ಕೈಯಲ್ಲಿ ಹೆಕ್ಕೋದಿಲ್ಲ, ಸಲಿಕೆಯಲ್ಲಿ ಎಳೆಯೋದು. ಕೈ ಹಾಕಿ ಒಂದು ಹಿಡಿ ಎತ್ತಿದ್ರೆ ಬೆರಳುದ್ದದ ಬಂಗುಡೆ, ಶೂ ಲೇಸ್ ಥರದ ಪಾಂಬೋಲ್ ಮರಿ, ಉಗುರಿನಷ್ಟು ದೊಡ್ಡ ಬೊಂಡಾಸ್, ಏಡಿ ಮರಿ, ಮದಿಮಾಲ್ ಮರಿಯಂತೂ ಲೆಕ್ಕಕ್ಕೇ ಸಿಗಲ್ಲ. ಟ್ರ್ಯಾಶ್ ಅಂತ ಬಿಲ್ಲಲ್ಲಿ ಒಂದೇ ಸಾಲು ಬರೀತೇವೆ. ನೀರು ಸೋರ್ತಾ ಲಾರಿ ಹೋಗ್ತದೆ, ಹಿಂದೆ ಬೈಕಲ್ಲಿ ಹೋಗೋರು ಬೈಕೊಂಡು ಹೋಗ್ತಾರೆ. ಆ ಲಾರಿಯ ಒಳಗೆ ಯಾವ ಜಾತಿಯ ಮೀನು ಎಷ್ಟಿತ್ತು ಅಂತ ಆ ಬೋಟಿನ ಹೆಸರಲ್ಲಿ ಎಲ್ಲೂ ದಾಖಲಾಗಲ್ಲ. ಕೇಂದ್ರದ ಸಮುದ್ರ ಮೀನು ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನವರು ದಕ್ಕೆಗೆ ಬಂದು ಸ್ಯಾಂಪಲ್ ತಗೊಂಡು ಅಂದಾಜು ಹಾಕ್ತಾರೆ, ಒಳ್ಳೆ ಕೆಲಸ, ಆದ್ರೆ ಅದು ವಿಜ್ಞಾನಕ್ಕೆ ಸಾಕು, ಜಾರಿಗೆ ಸಾಕಾಗಲ್ಲ.

2022ರಲ್ಲಿ ಕರ್ನಾಟಕ ಸುಮಾರು 6.95 ಲಕ್ಷ ಟನ್ ಸಮುದ್ರ ಮೀನು ಹಿಡಿದು ದೇಶಕ್ಕೆ ಎರಡನೇ ಸ್ಥಾನ, ಕೇರಳವನ್ನೂ ಹಿಂದೆ ಹಾಕಿದ್ವಿ. ಮುನ್ನೂರು ಚಿಲ್ಲರೆ ಕಿಲೋಮೀಟರ್ ಕರಾವಳಿ ಇರೋ ರಾಜ್ಯ! ಅವತ್ತು ಎಲ್ಲರೂ ಬೆನ್ನು ತಟ್ಕೊಂಡ್ರು. ಆ ಟನ್ನಲ್ಲಿ ತಟ್ಟೆಗೆ ಹೋದದ್ದೆಷ್ಟು, ಹುಡಿಯಾದದ್ದೆಷ್ಟು ಅಂತ ಯಾರೂ ಕೇಳ್ಲಿಲ್ಲ. ಒಂದು ಕಿಲೋ ಫಿಶ್‌ಮೀಲ್ ಆಗ್ಲಿಕ್ಕೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಿಗಡಿ ಕೆರೆಗೆ, ಕೋಳಿ ಫಾರಂಗೆ, ವಿದೇಶಕ್ಕೆ ಹೋಗ್ತದೆ. ಅಂದ್ರೆ ಮುಂದಿನ ವರ್ಷ ಹಿಡಿದು ಏಲಂ ಕೂಗ್ಬೇಕಾದ ಬಂಗುಡೆಯನ್ನ ಈ ವರ್ಷ ಬೆರಳುದ್ದ ಇರುವಾಗಲೇ ಸಲಿಕೆಯಲ್ಲಿ ಎಳೆದು, ಬೇರೆ ಯಾರದೋ ಸಿಗಡಿಗೆ ತಿನ್ನಿಸಿ, ಆಮೇಲೆ ಸೀಸನ್ ಡಲ್ಲು ಅಂತ ನಿಮ್ಮ ಹತ್ರ ಪರಿಹಾರ ಕೇಳ್ಲಿಕ್ಕೆ ಬರ್ತೇವೆ.

ಫಿಶ್‌ಮೀಲನ್ನ ರಾಕ್ಷಸ ಅಂತ ನಾನು ಹೇಳ್ತಿಲ್ಲ. ಹಿಂದೆ ಬೂತಾಯಿ (ಸಾರ್ಡೀನ್) ವಿಪರೀತ ಬಿದ್ದಾಗ ಅದನ್ನ ತೆಂಗಿನ ಬುಡಕ್ಕೂ ಹಾಕಿದ್ದಾರೆ, ಎಣ್ಣೆ ತೆಗೆದು ದೋಣಿಗೂ ಬಳಿದಿದ್ದಾರೆ. ಮೀನಿನ ತಲೆ, ಕರುಳು, ಎಕ್ಸ್‌ಪೋರ್ಟ್ ಕಂಪನಿಯ ವೇಸ್ಟು, ಯಾರೂ ತಿನ್ನದ ಕಾರ್ಗಿಲ್ ಮೀನು, ಇದೆಲ್ಲ ಹುಡಿಯಾಗ್ಲಿ ಬಿಡಿ, ಯಾರಿಗೂ ಬೇಜಾರಿಲ್ಲ. ಮೊದಲು ವೇಸ್ಟ್ ಇತ್ತು, ಅದಕ್ಕೆ ಫ್ಯಾಕ್ಟರಿ ಬಂತು. ಈಗ ಫ್ಯಾಕ್ಟರಿ ಇದೆ, ಅದಕ್ಕೆ ಮೀನು ಬೇಕು. ಟ್ರ್ಯಾಶ್‌ಗೆ ರೇಟು ಸಿಗ್ತದೆ ಅಂತ ಗೊತ್ತಾದ ಮೇಲೆ ಬೋಟು ನಡೆಸುವ ತಾಂಡೇಲ ಯಾಕೆ ದೊಡ್ಡ ಕಣ್ಣಿನ ಬಲೆ ಹಾಕ್ತಾನೆ ಹೇಳಿ? ಊಟದ ಮೀನಿನ ರೇಟಿಗೆ ಹೋಲಿಸಿದ್ರೆ ಅದು ಏನೇನೂ ಅಲ್ಲ, ಆದ್ರೂ ಟ್ರಿಪ್ಪಿನ ಡೀಸೆಲ್, ಐಸ್ ಖರ್ಚಿಗೆ ಒಂದಿಷ್ಟು ಆಗ್ತದೆ ಅಂತ ಅದನ್ನೂ ತುಂಬಿಸ್ಕೊಂಡು ಬರ್ತಾರೆ. ಲೆಕ್ಕ ಬರೆಯೋನಾಗಿ ಹೇಳ್ತೇನೆ, ಕೆಲವು ಟ್ರಿಪ್ಪಲ್ಲಿ ಆ ಒಂದು ಸಾಲು ಇಲ್ಲದಿದ್ರೆ ನಷ್ಟವೇ. ಅಷ್ಟು ಹದಗೆಟ್ಟಿದೆ ಪರಿಸ್ಥಿತಿ.

ಕಾನೂನು ಇಲ್ಲವಾ ಅಂದ್ರೆ ಧಾರಾಳ ಇದೆ. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ದಡದಿಂದ ಆರು ಕಿಲೋಮೀಟರ್ ನಾಡದೋಣಿಯವರಿಗೆ ಅಂತ ಇದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟಿಗೂ 10 ಎಚ್‌ಪಿಗಿಂತ ಜಾಸ್ತಿ ಇಂಜಿನ್‌ನ ದೋಣಿಗೂ ರಜೆ, ಅದು ಪರವಾಗಿಲ್ಲ, ಜನ ಪಾಲಿಸ್ತಾರೆ. ಯಾಕೆ ಪಾಲಿಸ್ತಾರೆ ಗೊತ್ತುಂಟಾ? ಬೋಟು ದಕ್ಕೆಯಲ್ಲಿ ನಿಂತಿರೋದು ಎಲ್ಲರಿಗೂ ಕಾಣ್ತದೆ, ಆ ಎರಡು ತಿಂಗಳು ಡೀಸೆಲ್ಲೂ ಸಿಗಲ್ಲ. ಕಣ್ಣಿಗೆ ಕಾಣುವ ನಿಯಮ, ಡೀಸೆಲ್‌ಗೆ ಜೋಡಿಸಿದ ನಿಯಮ. ಉಳಿದದ್ದೆಲ್ಲ ಸಮುದ್ರದ ಮಧ್ಯ ನಡೆಯೋದು. 2017ರ ನವೆಂಬರಲ್ಲಿ ಕೇಂದ್ರ, ಬೆಳಕಿಗೆ ಮೀನು ಸೆಳೆದು ಹಿಡಿಯುವ ಎಲ್‌ಇಡಿ ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಎರಡನ್ನೂ ನಿಷೇಧ ಮಾಡ್ತು. ಆಮೇಲೆ ಎಷ್ಟು ಸಲ ನಾಡದೋಣಿಯವರು ಮೆರವಣಿಗೆ ಮಾಡಿ ಡಿಸಿ ಆಫೀಸಿಗೆ ಮನವಿ ಕೊಟ್ಟಿಲ್ಲ? ಕತ್ತಲಲ್ಲಿ ದಡದಲ್ಲಿ ನಿಂತ್ರೆ ದೂರದಲ್ಲಿ ಬೆಳ್ಳಗೆ ಹೊಳೆಯೋದು ಕಾಣ್ತದೆ, ಗಸ್ತಿನ ಬೋಟು ಹೋಗುವಷ್ಟರಲ್ಲಿ ಆರಿರ್ತದೆ. ಯಾರು ಫೋನ್ ಮಾಡಿದ್ರು ಅಂತ ನಾನು ಹೇಳಲ್ಲ, ನಿಮಗೂ ಗೊತ್ತಿರ್ತದೆ.

ಇದು ಹೊಸ ಕಥೆಯೂ ಅಲ್ಲ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1943ರಲ್ಲಿ, ಬೂತಾಯಿ ಕಮ್ಮಿಯಾಯ್ತು ಅಂತ ಅಂದಿನ ಸರ್ಕಾರ ಮರಿ ಬೂತಾಯಿ, ಮೊಟ್ಟೆ ಬೂತಾಯಿ ಉಳಿಸ್ಲಿಕ್ಕೆ ನಿರ್ಬಂಧ ಹಾಕಿತ್ತು. 1947ಕ್ಕೆ ವಾಪಸ್ ತಗೊಂಡ್ರು, ಜಾರಿ ಮಾಡ್ಲಿಕ್ಕೆ ಆಗಲ್ಲ ಅಂತ. ಬ್ರಿಟಿಷರ ಕಾಲದಲ್ಲಿ ನೂರಾರು ಹಳ್ಳಿಯ ಮರಳಲ್ಲಿ ದೋಣಿ ಎಳೀತಿದ್ರು, ಎಷ್ಟು ಕಡೆ ಪೇದೆ ನಿಲ್ಲಿಸ್ತೀರಿ, ಅವರದ್ದು ಒಪ್ಪೋಣ. ಈಗ ಹಾಗಿಲ್ಲ. ದೊಡ್ಡ ಬೋಟು ನಿಲ್ಲೋದು ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೈತಖೋಲ್ ಅಂತ ಬೆರಳೆಣಿಕೆ ಜಾಗದಲ್ಲಿ. ಫಿಶ್‌ಮೀಲ್ ಫ್ಯಾಕ್ಟರಿ ಅಂತೂ ಎಲ್ಲಿದೆ ಅಂತ ಕೇಳ್ಲಿಕ್ಕೇ ಇಲ್ಲ, ಮೂಗೇ ದಾರಿ ತೋರಿಸ್ತದೆ.

ಹಾಗಾಗಿ ಮೊದಲ ಕೆಲಸ ಗೇಟಲ್ಲಿ ಮಾಡಿ ಸರ್. ಫ್ಯಾಕ್ಟರಿಗೆ ಬರುವ ಪ್ರತಿ ಲಾರಿಯ ತೂಕ ಅಲ್ಲಿ ಹೇಗೂ ಹಾಕ್ತಾರೆ, ದುಡ್ಡು ಕೊಡ್ಬೇಕಲ್ಲ. ಆ ತೂಕದ ಚೀಟಿಯಲ್ಲಿ ಬೋಟಿನ ರಿಜಿಸ್ಟ್ರೇಷನ್ ನಂಬರ್ ಕಡ್ಡಾಯ ಮಾಡಿ. ಒಂದು ಬುಟ್ಟಿ ಸ್ಯಾಂಪಲ್ ತೆಗೆದು, ಜಾತಿ ಬೇರೆ ಮಾಡಿ, ಉದ್ದ ಅಳೆದು ಬರೀಲಿ, ಮೊಬೈಲಲ್ಲಿ ಫೋಟೋ ಹಾಕ್ಲಿ. ಮಂಗಳೂರಲ್ಲಿ ಮೀನುಗಾರಿಕಾ ಕಾಲೇಜಿದೆ, ಪ್ರತಿ ವರ್ಷ ಬಿಎಫ್‌ಎಸ್‌ಸಿ ಮುಗಿಸಿ ಕೆಲಸ ಹುಡುಕೋ ಮಕ್ಕಳಿದ್ದಾರೆ, ಅವರಿಗೆ ಈ ಕೆಲಸ ಕೊಡಿ. ಸಣ್ಣ ಮೀನಿನ ಪ್ರಮಾಣ ಇಂತಿಷ್ಟಕ್ಕಿಂತ ಜಾಸ್ತಿ ಇದ್ರೆ ದಂಡ ಬೋಟಿಗೆ ಮಾತ್ರ ಅಲ್ಲ, ತಗೊಂಡ ಫ್ಯಾಕ್ಟರಿಗೆ ದುಪ್ಪಟ್ಟು. ಕೊಳ್ಳುವವನೇ ಬೇಡ ಅಂದ್ರೆ ತಾಂಡೇಲ ಅದಕ್ಕಾಗಿ ಬಲೆ ಎಳೆಯಲ್ಲ, ಯಾವ ಗಸ್ತಿನ ಬೋಟೂ ಮಾಡದ ಕೆಲಸವನ್ನ ಈ ಒಂದು ತೂಕದ ಚೀಟಿ ಮಾಡ್ತದೆ.

ಕೇರಳದವರು 2015ರಲ್ಲಿ 14 ಜಾತಿಗೆ ಕನಿಷ್ಠ ಉದ್ದ ನಿಗದಿ ಮಾಡಿದ್ರು, 2017ಕ್ಕೆ ಅದು 58 ಜಾತಿಗೆ ಹೋಯ್ತು. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ನೋಡಿ, ಇದೇನೂ ದೊಡ್ಡ ಉದ್ದ ಅಲ್ಲ, ಬೂತಾಯಿ ಮೊಟ್ಟೆ ಇಡುವಷ್ಟು ಬೆಳೆಯೋ ಹೊತ್ತಿಗೆ ಅದಕ್ಕಿಂತ ಉದ್ದ ಇರ್ತದೆ, ಮೀನುಗಾರರ ಕಷ್ಟ ನೋಡಿ ಸಡಿಲ ಬಿಟ್ಟೇ ಹಾಕಿದ ಮಿತಿ ಅದು. ಅಷ್ಟನ್ನಾದ್ರೂ ಅವರು ಹಾರ್ಬರಲ್ಲಿ ಅಳೀತಾರೆ, ಬೋಟು ಹಿಡೀತಾರೆ, ಮೀನನ್ನ ವಾಪಸ್ ಸಮುದ್ರಕ್ಕೆ ಚೆಲ್ಲಿಸ್ತಾರೆ. ನಮ್ಮಲ್ಲಿ ಕಾಗದದಲ್ಲಿ ಏನೇ ಇರ್ಲಿ, ದಕ್ಕೆಯಲ್ಲಿ ಸ್ಕೇಲ್ ಹಿಡ್ಕೊಂಡು ನಿಂತ ಅಧಿಕಾರಿಯನ್ನ ನಾನಂತೂ ನೋಡಿಲ್ಲ. ಇದರ ಪರಿಣಾಮ ಏನು ಗೊತ್ತಾ, ಅಲ್ಲಿ ಮಾರ್ಲಿಕ್ಕಾಗದ ಮರಿ ಮೀನು ಗಡಿಯ ತಲಪಾಡಿ ದಾಟಿ ನಮ್ಮ ಫ್ಯಾಕ್ಟರಿಗೆ ಬರ್ತದೆ. ಅವರ ಕಾನೂನಿನ ತೂತು ನಮ್ಮೂರಲ್ಲಿದೆ! ಇದು ಎರಡು ರಾಜ್ಯದ ಮಂತ್ರಿಗಳು ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸುವ ವಿಷಯ. ಹಾಗೇ ಅವರ ಟ್ರಾಲಿಂಗ್ ರಜೆ 52 ದಿನ, ಜೂನ್ ಎರಡನೇ ವಾರ ಶುರು, ನಮ್ಮದು 61. ನಮ್ಮ ಬೋಟು ಕಟ್ಟಿ ಹಾಕಿದ ಮೇಲೆ ಪಕ್ಕದವರ ಬೋಟು ಓಡಾಡೋದನ್ನ ನೋಡಿದ್ರೆ ನಮ್ಮ ಜನಕ್ಕೆ ಹೊಟ್ಟೆ ಉರಿಯೋದು ಸಹಜ, ಮೀನಿಗೇನು ಗಡಿ ಗೊತ್ತಾ ಅಂತ ಕೇಳ್ತಾರೆ, ಉತ್ತರ ಇಲ್ಲ.

ಇನ್ನು ಡೀಸೆಲ್. ಇದನ್ನ ಹೇಳಿದ್ರೆ ನಾಳೆ ನಮ್ಮ ಸಂಘದವರೇ ನನಗೆ ಬೈತಾರೆ, ಬೈಲಿ. ಸಬ್ಸಿಡಿ ತೆಗೀರಿ ಅಂತ ನಾನು ಹೇಳ್ತಿಲ್ಲ. ತೆಗೆದ್ರೆ ಮೊದಲು ಮುಳುಗೋದು ಸಾಲ ಮಾಡಿ ಬೋಟು ಮಾಡಿದ ಸಣ್ಣವರು, ನಾಲ್ಕು ಬೋಟಿನ ಧಣಿಗಳಲ್ಲ. ಅದನ್ನ ಕೊಡುವ ರೀತಿ ಬದಲಿಸಿ. ಈಗ ಲೀಟರ್ ಲೆಕ್ಕ. ಬೋಟಿನ ಸೈಜ್ ನೋಡಿ ವರ್ಷಕ್ಕೆ ಇಂತಿಷ್ಟು ರೂಪಾಯಿ ಅಂತ ಫಿಕ್ಸ್ ಮಾಡಿ, ಖಾತೆಗೆ ಹಾಕಿ. ಡೀಸೆಲ್ ಉಳಿಸಿದವನಿಗೆ ಆ ದುಡ್ಡು ಉಳೀಲಿ. ಅರ್ಧ ಯಾವ ಷರತ್ತೂ ಇಲ್ಲದೆ ಆಗಸ್ಟ್‌ನಲ್ಲೇ ಕೊಡಿ, ಸೀಸನ್ ಶುರುವಿನ ಖರ್ಚಿಗೆ ಆಗ್ತದೆ. ಉಳಿದ ಅರ್ಧ ಮೂರು ವಿಷ್ಯ ನೋಡಿ ಕೊಡಿ, ಬಲೆಯ ಕೊನೆಯ ಚೀಲ 35 ಮಿಲಿಮೀಟರ್ ಚೌಕ ಕಣ್ಣಿನದ್ದಾ, ಬೋಟು ಎಲ್ಲಿದೆ ಅಂತ ತೋರಿಸೋ ಟ್ರಾನ್ಸ್‌ಪಾಂಡರ್ ಟ್ರಿಪ್ ಪೂರ್ತಿ ಆನ್ ಇತ್ತಾ, ಗೇಟಿನ ಚೀಟಿಯಲ್ಲಿ ಆ ಬೋಟಿನ ಮರಿಮೀನು ಮಿತಿಯೊಳಗೆ ಇತ್ತಾ. ಚೌಕ ಕಣ್ಣು ಯಾಕೆ ಅಂದ್ರೆ, ಮಾಮೂಲಿ ಬಲೆಯ ಕಣ್ಣು ಎಳೆಯುವಾಗ ಬಿಗಿದು ಮುಚ್ಚಿಕೊಳ್ತದೆ, ಅಳತೆ ಎಷ್ಟೇ ಇದ್ರೂ ಮರಿ ಹೊರಗೆ ಹೋಗಲ್ಲ. ಚೌಕ ಕಣ್ಣು ತೆರೆದೇ ಇರ್ತದೆ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿಯವರು ವರ್ಷಗಟ್ಟಲೆಯಿಂದ ಇದನ್ನೇ ಹೇಳ್ತಾ ಬಂದಿದ್ದಾರೆ. ಬಲೆ ಪೂರ್ತಿ ಬದಲಿಸೋದು ಬೇಡ, ಕೊನೆಯ ಚೀಲ ಮಾತ್ರ, ಅದರ ಖರ್ಚು ಬೋಟಿನ ಒಂದು ಟ್ರಿಪ್ಪಿನ ಡೀಸೆಲ್ ಖರ್ಚಿನ ಮುಂದೆ ಏನೂ ಅಲ್ಲ. ಆದ್ರೆ ಪಕ್ಕದ ಬೋಟಿನವನು ಹಾಕದೆ ನಾನು ಮಾತ್ರ ಹಾಕಿದ್ರೆ ನನ್ನ ಬೋಟಲ್ಲಿ ದುಡಿಯುವ ಕಲಾಸಿಗಳಿಗೆ ಪಾಲು ಕಮ್ಮಿಯಾಗ್ತದೆ, ಮುಂದಿನ ಟ್ರಿಪ್ಪಿಗೆ ಅವರು ಪಕ್ಕದ ಬೋಟಿಗೆ ಹತ್ತಿರ್ತಾರೆ. ಒಬ್ಬೊಬ್ಬರ ಒಳ್ಳೇತನದಿಂದ ಆಗೋ ಕೆಲಸ ಅಲ್ಲ ಇದು, ಎಲ್ಲರಿಗೂ ಒಂದೇ ದಿನ ಒಂದೇ ನಿಯಮ ಅಂತ ನೀವೇ ಮಾಡ್ಬೇಕು.

ಲೈಸೆನ್ಸ್ ವಿಷಯದಲ್ಲೂ ಇದೇ ಕಣ್ಣುಮುಚ್ಚಾಲೆ. ಬೋಟಿನ ಸಂಖ್ಯೆ ಎಣಿಸಿ ಜಾಸ್ತಿ ಆಗ್ಲಿಲ್ಲ ಅಂತ ಸಮಾಧಾನ ಮಾಡ್ಕೊಳ್ತೇವೆ. ಮೊದ್ಲು ನೂರರ ಆಸುಪಾಸಿನ ಎಚ್‌ಪಿ ಇಂಜಿನ್ ಇದ್ದ ಜಾಗದಲ್ಲಿ ಈಗ ಮುನ್ನೂರು ನಾನೂರರ ಇಂಜಿನ್ ಕೂತಿದೆ. ಒಂದು ಬೋಟು ಅಂತ ಎಣಿಸಿದ್ದು ಹಳೇ ಮೂರು ಬೋಟಿನ ಕೆಲಸ ಮಾಡ್ತದೆ. ಮಿತಿ ಹಾಕೋದಾದ್ರೆ ಎಚ್‌ಪಿಗೆ ಹಾಕಿ, ಹಳೇದು ಒಡೆದ್ರೆ ಅಷ್ಟೇ ಎಚ್‌ಪಿಯ ಹೊಸದು, ಒಂದು ಎಚ್‌ಪಿ ಜಾಸ್ತಿ ಇಲ್ಲ. 2025ರ ನವೆಂಬರಲ್ಲಿ ಕೇಂದ್ರ, ದೇಶಕ್ಕೆ ಮೀನಿನ ಹಕ್ಕಿರುವ ದೂರದ ಸಮುದ್ರ ಅಂದ್ರೆ ಇಇಝೆಡ್‌ಗೆ ಹೊಸ ನಿಯಮ ತಂದು ಯಾಂತ್ರೀಕೃತ ಬೋಟಿಗೆ ಆನ್‌ಲೈನ್ ಪಾಸ್ ಅಂತ ಮಾಡಿದೆ, ಸಂತೋಷ. ಅದು 12 ನಾಟಿಕಲ್ ಮೈಲಿಯಿಂದ ಆಚೆಯ ಮಾತು. ಮರಿಗಳು ಹುಟ್ಟಿ ಬೆಳೆಯೋದು ಹೆಚ್ಚಾಗಿ ಈಚೆ, ದಡದ ಹತ್ರ, ಅಳಿವೆ ಬಾಗಿಲಲ್ಲಿ, ಕಾಂಡ್ಲಾ ಗಿಡದ ಬೇರಿನ ಮಧ್ಯ. ಅಲ್ಲಿಗೆ ಯಜಮಾನರು ನೀವೇ.

ನಾಡದೋಣಿಯವರ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ತೂಫಾನ್ ಎದ್ದು ಇಳಿದ ಮೇಲೆ ಮರವಂತೆ, ಕೊಡೇರಿ, ಉಪ್ಪುಂದದ ಕಡೆ ಮಾಟುಬಲೆ ಹಾಕ್ಲಿಕ್ಕೆ ಅವರು ಕಾಯ್ತಾ ಇರ್ತಾರೆ, ವರ್ಷದ ದುಡಿಮೆಯ ದೊಡ್ಡ ಪಾಲು ಅವರಿಗೆ ಆ ಕೆಲವು ವಾರದಲ್ಲೇ. ರಂಪಣಿಯವರಿಗೆ ಏನಾಯ್ತು ಅಂತ ನಮ್ಮ ಹಿರಿಯರಿಗೆ ಗೊತ್ತು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ, ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬಲೆ ಬಂತು, ಮೀನು ದಡಕ್ಕೆ ಬರೋ ಮೊದಲೇ ಹೊರಗೆ ಸುತ್ತಿ ಎತ್ತಿದ್ರು, ಗಲಾಟೆ, ಕೇಸು ಎಲ್ಲ ಆಗಿ ಕೊನೆಗೆ ರಂಪಣಿ ಮಡಚಿ ಇಟ್ರು. ಈಗ ಬೀಚಲ್ಲಿ ಕೈರಂಪಣಿ ಎಳೆದ್ರೆ ಟೂರಿಸ್ಟ್‌ಗಳು ವಿಡಿಯೋ ಮಾಡ್ತಾರೆ. ಪಾಲಿಸಿ ಮಾಡುವ ಮೀಟಿಂಗಿಗೆ ಅವತ್ತು ಅವರನ್ನ ಯಾರೂ ಕರೀಲಿಲ್ಲ. ಈಗಲೂ ಮೀಟಿಂಗ್ ಅಂದ್ರೆ ಮುಂದಿನ ಸಾಲಲ್ಲಿ ದೊಡ್ಡ ಬೋಟಿನವರು, ಫ್ಯಾಕ್ಟರಿಯವರು. ಆರು ಕಿಲೋಮೀಟರ್ ಒಳಗಿನ ನಿಯಮ ಏನಿರ್ಬೇಕು ಅಂತ ಆಯಾ ಊರಿನ ನಾಡದೋಣಿ ಒಕ್ಕೂಟಗಳಿಗೇ ಬಿಡಿ, ಅವರು ಮಾಡಿದ ನಿಯಮಕ್ಕೆ ಕಾನೂನಿನ ಬಲ ಕೊಡಿ. ಅವರಲ್ಲೂ ಸಣ್ಣ ಕಣ್ಣಿನ ಬಲೆ ಹಾಕೋರಿದ್ದಾರೆ, ಇಲ್ಲ ಅಂತಲ್ಲ, ಆದ್ರೆ ಊರವರೇ ಮಾಡಿದ ನಿಯಮವನ್ನ ಮುರಿದು ಸಂಜೆ ಅದೇ ಊರಲ್ಲಿ ತಿರುಗಾಡೋದು ಸುಲಭ ಅಲ್ಲ.

ಮೀನು ಮಾರುವ ಹೆಂಗಸರನ್ನ ಮಾತ್ರ ದಯವಿಟ್ಟು ಬರೀ ಸಾಲದ ಸ್ಕೀಮಲ್ಲಿ ಮುಗಿಸ್ಬೇಡಿ. ಬಡ್ಡಿರಹಿತ ಸಾಲ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದ್ದು ಒಳ್ಳೇದೇ. ಆದ್ರೆ ಮಾರ್ಲಿಕ್ಕೆ ಮೀನು ಬೇಕಲ್ಲ. ಬಂಗುಡೆ ದೊಡ್ಡದಾಗಿ ದಕ್ಕೆಗೆ ಬಂದ್ರೆ ಅದು ನಮ್ಮ ಅಕ್ಕಂದಿರ ಬುಟ್ಟಿಗೆ ಹೋಗ್ತದೆ, ಮರಿ ಇರುವಾಗಲೇ ಬಂದ್ರೆ ಸೀದಾ ಲಾರಿಗೆ. ಮರಿಮೀನು ಉಳಿಸೋದು ಅಂದ್ರೆ ಅವರ ವ್ಯಾಪಾರ ಉಳಿಸೋದು ಕೂಡ. ಹಾಗೇ ರಜೆಯ ಕಾಲಕ್ಕೆ ಉಳಿತಾಯ ಪರಿಹಾರ ಯೋಜನೆ ಅಂತ ಮೀನುಗಾರನ 1,500 ಸೇರಿಸಿ, ಕೇಂದ್ರ ರಾಜ್ಯ ಎರಡೂ ಅಷ್ಟಷ್ಟು ಹಾಕಿ ಒಟ್ಟು 4,500 ಕೊಡೋದು ಯಾವ ಮೂಲೆಗೆ ಸಾಕು? ಸಮುದ್ರಕ್ಕೆ ಹೋಗ್ಬೇಡ ಅನ್ನೋರು ಮನೆಯಲ್ಲಿ ಅಕ್ಕಿಗೆ ಏನು ಮಾಡ್ಬೇಕು ಅಂತಲೂ ಹೇಳ್ಬೇಕು. ಒಡಿಶಾ, ಆಂಧ್ರ, ಜಾರ್ಖಂಡಿಂದ ಬಂದು ನಮ್ಮ ಬೋಟಲ್ಲಿ ದುಡಿಯುವ ಹುಡುಗರಂತೂ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ.

ಒಂದು ಆಕ್ಷೇಪ ಬರ್ತದೆ, ನಾನೇ ಹೇಳಿಬಿಡ್ತೇನೆ. ಬೂತಾಯಿ ಬರೋದು ಹೋಗೋದು ಸಮುದ್ರದ ಮರ್ಜಿ, ಎಲ್ ನಿನೋ, ನೀರಿನ ಬಿಸಿ, ಇದರಲ್ಲಿ ಬಲೆ ಏನು ಮಾಡ್ತದೆ ಅಂತ. ಮಾತಲ್ಲಿ ಸತ್ಯ ಇದೆ. ಕೇರಳದಲ್ಲಿ 2012ರಲ್ಲಿ ಹತ್ರ ಹತ್ರ 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ 3,297 ಟನ್. ಲಕ್ಷದಿಂದ ಸಾವಿರಕ್ಕೆ! ಆಮೇಲೆ ಮತ್ತೆ ಬಂತು. ಅಷ್ಟು ಏರಿಳಿತಕ್ಕೆ ಬೋಟೊಂದೇ ಕಾರಣ ಅಂದ್ರೆ ತಪ್ಪಾಗ್ತದೆ, ಹವಾಮಾನದ ಪಾತ್ರ ದೊಡ್ಡದು ಅಂತ ವಿಜ್ಞಾನಿಗಳೂ ಹೇಳ್ತಾರೆ. ಆದ್ರೆ ಕೆಟ್ಟ ವರ್ಷ ನಮ್ಮ ಕೈಯಲ್ಲಿಲ್ಲ ಅಂತಾದ್ರೆ, ಆ ವರ್ಷಕ್ಕೆ ಒಂದಿಷ್ಟು ತಾಯಿ ಮೀನು ಉಳಿಸಿ ಇಟ್ಕೊಳ್ಳೋದು ನಮ್ಮ ಕೈಯಲ್ಲಿರೋದಲ್ವಾ? ಬೂತಾಯಿ ಬದುಕೋದೇ ಎರಡು ಎರಡೂವರೆ ವರ್ಷ. ಮೊದಲ ಸಲ ಮೊಟ್ಟೆ ಇಡೋ ಮೊದಲೇ ಎತ್ತಿದ್ರೆ ಕೆಟ್ಟ ವರ್ಷದ ಮೇಲೆ ಇನ್ನೊಂದು ಕೆಟ್ಟ ವರ್ಷ ನಾವೇ ಕೂಡಿಸಿದ ಹಾಗೆ.

ಎಲ್ಲವನ್ನೂ ಒಟ್ಟಿಗೆ ಮಾಡ್ಲಿಕ್ಕೆ ಆಗಲ್ಲ ಅಂತ ಗೊತ್ತು. ಹಾಗಾಗಿ ಕೇಳೋದು ಒಂದೇ, ಈ ಸಲದ ರಜೆ ಮುಗಿದು ಆಗಸ್ಟ್ 1ಕ್ಕೆ ಬೋಟು ಇಳಿಯೋ ಮೊದಲು ಗೇಟಿನ ಚೀಟಿಯ ಆದೇಶ ಹೊರಡಿಸಿ. ಮೊದಲ ಸೀಸನ್ ದಂಡ ಬೇಡ, ಬರೀ ಬರ್ಕೊಳ್ಳಿ, ಯಾವ ಬಂದರಿಂದ ಎಷ್ಟು ಟನ್, ಯಾವ ಜಾತಿ, ಎಷ್ಟು ಉದ್ದ. ತಿಂಗಳಿಗೊಮ್ಮೆ ಇಲಾಖೆಯ ನೋಟಿಸ್ ಬೋರ್ಡಲ್ಲೂ ವೆಬ್‌ಸೈಟಲ್ಲೂ ಕನ್ನಡದಲ್ಲಿ ಹಾಕಿ. ಆ ಅಂಕಿ ಇಟ್ಕೊಂಡು ಮುಂದಿನ ಬಜೆಟಲ್ಲಿ ಡೀಸೆಲ್ ವಿಷ್ಯ ಮಾತಾಡೋಣ. ನಮ್ಮ ಬೋಟಿನ ಟ್ರ್ಯಾಶ್ ಸಾಲಿನ ಲೆಕ್ಕ ಮೊದಲು ಬೇಕು ಅಂದ್ರೆ ಪುಸ್ತಕ ತಗೊಂಡು ಇಲಾಖೆ ಆಫೀಸಿಗೆ ನಾನೇ ಬರ್ತೇನೆ.

ಇತಿ,
ದಕ್ಕೆಯಲ್ಲಿ ಬೋಟಿನ ಲೆಕ್ಕ ಬರೆಯುವವನು,
ಕುಂದಾಪುರ ಕಡೆ